ಬಾಗಿಲ ಬಳಿ ಬ್ಯಾಟರಿ

(ಹೂಡಿಯ ಸಂಜೆ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ನಿಮ್ಮ ಮನೆಯಲ್ಲಿ ಬೆಂಕಿ ಎಲ್ಲಿದೆ? ಹೀಗೆ ಕೇಳಿದರೆ ಏನು ಹೇಳುತ್ತೀರಿ? ಒಲೆಯಲ್ಲಿದೆ ಅಂತೀರಿ. ದೇವರ ಮುಂದಿನ ದೀಪದಲ್ಲಿದೆ ಅಂತೀರಿ. ಬೆಂಕಿಪೊಟ್ಟಣದಲ್ಲಿದೆ ಅಂತೀರಿ. ಆ ಬೆಂಕಿಯ ಜೊತೆ ಬಾಳುವುದು ನಿಮಗೆ ಗೊತ್ತು. ಒಲೆ ಮುಂದೆ ಸೆರಗು ಸಿಕ್ಕಿಸಿಕೊಳ್ಳಬೇಕು. ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಕಿಟಕಿ ಬಾಗಿಲು ತೆಗೆಯಬೇಕು. ಇದನ್ನೆಲ್ಲ ನಾವು ನಿಮಗೆ ಕಲಿಸಬೇಕಾಗಿಲ್ಲ. ನೀವೇ ನಮಗೆ ಕಲಿಸುತ್ತೀರಿ.

ಈಗ ಇನ್ನೊಂದು ಬಗೆಯ ಬೆಂಕಿ ಮನೆಯೊಳಗೆ ಬಂದಿದೆ. ಅದು ಕಣ್ಣಿಗೆ ಕಾಣುವುದಿಲ್ಲ. ಡಬ್ಬಿಯೊಳಗೆ ಮಲಗಿರುತ್ತದೆ. ಮೊಬೈಲಿನಲ್ಲಿದೆ. ಪವರ್ ಬ್ಯಾಂಕಿನಲ್ಲಿದೆ. ಕರೆಂಟು ಹೋದಾಗ ಹಚ್ಚುವ ಚಾರ್ಜಿಂಗ್ ಲೈಟಿನಲ್ಲಿದೆ. ಮಗನ ಎಲೆಕ್ಟ್ರಿಕ್ ಸ್ಕೂಟರಿನಲ್ಲಿದೆ. ಅದಕ್ಕೆ ಲಿಥಿಯಂ ಬ್ಯಾಟರಿ ಎಂದು ಹೆಸರು.

ಈ ಮಾತು ಈಗ ಯಾಕೆ ಬಂತು? ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ಅಕ್ಕನ ಮನೆಯಲ್ಲಿ ನಡೆದ ಸಂಗತಿಯಿಂದ ಬಂತು. ಅವರ ಹೆಸರು ಬೇಡ. ಅವರು ಇಲ್ಲೇ ಕೂತಿದ್ದಾರೆ, ನಗುತ್ತಿದ್ದಾರೆ. ಅವತ್ತು ನಗುವ ಹಾಗಿರಲಿಲ್ಲ.

ನಮ್ಮ ಹೂಡಿ ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ಇದು ಕೆರೆ ಇದ್ದ ಹಳ್ಳಿ, ಸುತ್ತ ಹೊಲ. ಈಗ ಸುತ್ತ ಕಂಪನಿಗಳು. 2023ರ ಮಾರ್ಚಿನಲ್ಲಿ ಮೆಟ್ರೋ ರೈಲೂ ಬಂತು. ಕಂಪನಿಗಳಿಗೆ ಊಟ ಬೇಕು, ಸಾಮಾನು ಬೇಕು. ಅದನ್ನು ತಲುಪಿಸುವವರು ನಮ್ಮ ನಿಮ್ಮ ಮಕ್ಕಳು. ಪೆಟ್ರೋಲ್ ದುಬಾರಿ ಅಂತ ಅವರು ಕರೆಂಟಿನ ಗಾಡಿ ಹಿಡಿದಿದ್ದಾರೆ. ಕೆಲವರದು ಸ್ವಂತ, ಕೆಲವರದು ಕಂತಿನ ಗಾಡಿ, ಕೆಲವರದು ಬಾಡಿಗೆ. ರಾತ್ರಿ ಹನ್ನೊಂದು ಗಂಟೆಗೆ ಮನೆಗೆ ಬರುತ್ತಾರೆ. ಬೆಳಿಗ್ಗೆ ಏಳಕ್ಕೆ ಮತ್ತೆ ಹೋಗಬೇಕು. ಚಾರ್ಜು ಮಾಡುವುದು ಯಾವಾಗ? ಎಲ್ಲರೂ ಮಲಗಿದ ಮೇಲೆ.

ಆ ಅಕ್ಕನ ಮನೆಯೂ ಹಾಗೇ. ಒಂದು ಕೋಣೆ, ಒಂದು ಬಾಗಿಲು. ಪ್ಲಗ್ ಪಾಯಿಂಟ್ ಬಾಗಿಲ ಪಕ್ಕದಲ್ಲಿದೆ. ಗಾಡಿ ಬಾಗಿಲ ಒಳಗೆ ನಿಲ್ಲುತ್ತದೆ. ಒಳಗೆ ಅಕ್ಕ, ಮಗ, ಸೊಸೆ, ಇಬ್ಬರು ಮಕ್ಕಳು. ಬೆಳಗಿನ ಜಾವ ಮೂರು ಗಂಟೆಗೆ ಬೀದಿಯ ನಲ್ಲಿಯಲ್ಲಿ ನೀರು ಬರುತ್ತದೆ. ನೀರು ಹಿಡಿಯೋಕೆ ಅಕ್ಕ ಎದ್ದರು. ಎದ್ದ ಕೂಡಲೇ ಒಂದು ವಾಸನೆ. ಉಗುರಿಗೆ ಹಚ್ಚುವ ಬಣ್ಣದ ವಾಸನೆ ಇದ್ದ ಹಾಗಿತ್ತಂತೆ. ಗಾಡಿಯ ಹತ್ತಿರ ಹೋದರು. ಸೀಟಿನ ಕೆಳಗಿಂದ ಕಾವು ಬರುತ್ತಿತ್ತು. ಕೈ ಇಡೋಕೆ ಆಗಲಿಲ್ಲ.

ಅವರು ಏನು ಮಾಡಿದರು ಗೊತ್ತಾ? ಗೋಡೆಯ ಸ್ವಿಚ್ ಆರಿಸಿದರು. ಬ್ಯಾಟರಿ ಮುಟ್ಟಲಿಲ್ಲ. ಮಕ್ಕಳನ್ನು ಎತ್ತಿಕೊಂಡು ಎಲ್ಲರನ್ನೂ ಎಬ್ಬಿಸಿ ಹೊರಗೆ ಕರೆತಂದರು. ಬೀದಿಯಲ್ಲಿ ಬೆಳಕು ಹರಿಯುವ ತನಕ ಕೂತರು. ಬ್ಯಾಟರಿ ತಣ್ಣಗಾಯಿತು. ಬೆಂಕಿ ಹತ್ತಲಿಲ್ಲ.

ಮರುದಿನ ಅವರು ನಮಗೆ ಕೇಳಿದ ಮಾತು ಇದು: "ಟೀಚರಮ್ಮ, ಮಕ್ಕಳನ್ನ ಆ ಗಾಡಿ ದಾಟಿಸ್ಕೊಂಡೇ ಹೊರಗೆ ತಂದೆ. ಅದು ಹತ್ಕೊಂಡಿದ್ದಿದ್ರೆ ಎಲ್ಲಿಂದ ತರ್ತಿದ್ದೆ?"

ಈ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಓದಿದೆವು, ತಿಳಿದವರನ್ನು ಕೇಳಿದೆವು.

ಮೊದಲು, ಆ ಡಬ್ಬಿಯೊಳಗೆ ಏನಿದೆ? ಚಾಪೆ ಸುರುಳಿ ಸುತ್ತಿ ಇಡುತ್ತೀರಲ್ಲ, ಹಾಗೆ ಎರಡು ತೆಳು ತಗಡಿನ ಹಾಳೆಗಳನ್ನು ಸುತ್ತಿರುತ್ತಾರೆ. ಒಂದಕ್ಕೊಂದು ತಾಗಬಾರದು ಅಂತ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಇರುತ್ತದೆ. ಆ ಪೊರೆ ನಮ್ಮ ತಲೆಗೂದಲಿಗಿಂತ ತೆಳು. ಒಳಗೆ ಒಂದು ದ್ರವವೂ ಇರುತ್ತದೆ. ಅದು ಸೀಮೆಎಣ್ಣೆಯಂತೆ ಹತ್ತಿಕೊಳ್ಳುವಂಥದು. ಪೊರೆ ಹರಿದರೆ ಎರಡು ಹಾಳೆ ತಾಗುತ್ತವೆ. ಕಾವು ಹುಟ್ಟುತ್ತದೆ. ಆ ಕಾವು ಇನ್ನಷ್ಟು ಕಾವು ಹುಟ್ಟಿಸುತ್ತದೆ. ಅದು ಒಂದು ಮಿತಿ ದಾಟಿದರೆ ಸ್ವಿಚ್ ಆರಿಸಿದರೂ ನಿಲ್ಲುವುದಿಲ್ಲ.

ಮೊಬೈಲಿನಲ್ಲಿ ಇಂಥ ಸೆಲ್ಲು ಒಂದು. ಸ್ಕೂಟರಿನಲ್ಲಿ ಹತ್ತಾರು, ಕೆಲವದರಲ್ಲಿ ನೂರಕ್ಕೂ ಹೆಚ್ಚು. ಪಟಾಕಿ ಸರ ನೋಡಿದ್ದೀರಿ. ಒಂದು ಸಿಡಿದರೆ ಪಕ್ಕದ್ದು ಸಿಡಿಯುತ್ತದೆ. ಇದೂ ಹಾಗೆಯೇ.

ಪೊರೆ ಯಾಕೆ ಹರಿಯುತ್ತದೆ? ಬ್ಯಾಟರಿ ಬಿದ್ದು ಜಜ್ಜಿದ್ದರೆ ಹರಿಯುತ್ತದೆ. ನೀರು ಹೊಕ್ಕರೆ ಕೆಡುತ್ತದೆ. ಬಿಸಿಲಲ್ಲಿ ಕಾದು ಕೆಡುತ್ತದೆ. ತಯಾರಿಸುವಾಗಲೇ ದೋಷ ಇರಬಹುದು. ಹೊಟ್ಟೆ ತುಂಬಿದ ಮೇಲೂ ಉಣಿಸಿದರೆ ಕೆಡುತ್ತದೆ. ಈ ಕೊನೆಯದರ ಬಗ್ಗೆ ಆಮೇಲೆ ಹೇಳುತ್ತೇವೆ. ಅಕ್ಕನ ಮನೆಯಲ್ಲಿ ಆದದ್ದು ಅದೇ.

ಹೆದರಿಸುವುದು ನಮ್ಮ ಉದ್ದೇಶ ಅಲ್ಲ. ಈ ಬ್ಯಾಟರಿ ಕೆಟ್ಟ ವಸ್ತು ಅಲ್ಲ. 1991ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂತು. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಹುಮಾನ ಕೊಟ್ಟರು. ದೂರದ ಊರಿನ ಮಗಳ ಮುಖ ಮೊಬೈಲಿನಲ್ಲಿ ನೋಡುತ್ತೀರಲ್ಲ, ಅದು ಇದರಿಂದಲೇ. ಕೋಟಿಗಟ್ಟಲೆ ಬ್ಯಾಟರಿಗಳಲ್ಲಿ ಕೆಲವು ಮಾತ್ರ ಉರಿಯುತ್ತವೆ. ಆದರೆ ಆ ಕೆಲವು ಯಾರ ಮನೆಯಲ್ಲಿ, ಎಷ್ಟು ಹೊತ್ತಿಗೆ ಉರಿಯುತ್ತವೆ ಎಂಬುದೇ ಪ್ರಶ್ನೆ.

ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕು, ವಳಗೆರೆಹಳ್ಳಿ. 2023ರ ಮಾರ್ಚ್ ತಿಂಗಳು. ಬೆಳಗಿನ ಹೊತ್ತು ಒಂದು ಮನೆಯೊಳಗೆ ಎಲೆಕ್ಟ್ರಿಕ್ ಸ್ಕೂಟರನ್ನು ಚಾರ್ಜಿಗೆ ಹಾಕಿದರು. ಸ್ವಲ್ಪ ಹೊತ್ತಿಗೆ ಅದು ಸಿಡಿಯಿತು. ಟಿ.ವಿ., ಫ್ರಿಡ್ಜ್, ಮನೆಯ ಸಾಮಾನು ಸುಟ್ಟುಹೋದವು. ಆದರೆ ಮನೆಯ ಜನ ಪಾರಾದರು. ಬೆಳಗಾಗಿತ್ತು. ಎಚ್ಚರ ಇದ್ದರು. ಗಾಡಿಯ ಪಕ್ಕದಲ್ಲಿ ಯಾರೂ ಇರಲಿಲ್ಲ.

ಈಗ ಇನ್ನೊಂದು ಕಡೆ ನೋಡಿ. ತಮಿಳುನಾಡಿನ ವೆಲ್ಲೂರು. 2022ರ ಮಾರ್ಚ್. ರಾತ್ರಿ ಸ್ಕೂಟರನ್ನು ಮನೆಯಲ್ಲಿ ಚಾರ್ಜಿಗೆ ಹಾಕಿದ್ದರು. ಬೆಂಕಿ ಹತ್ತಿತು. ಮನೆ ತುಂಬ ಹೊಗೆ. ತಂದೆ ಮತ್ತು ಶಾಲೆಗೆ ಹೋಗುವ ಮಗಳು ಉಸಿರುಗಟ್ಟಿ ತೀರಿಹೋದರು. ಮುಂದಿನ ತಿಂಗಳು, ಏಪ್ರಿಲಿನಲ್ಲಿ, ತೆಲಂಗಾಣದ ನಿಜಾಮಾಬಾದಿನಲ್ಲಿ ರಾತ್ರಿ ಚಾರ್ಜಿಗೆ ಇಟ್ಟ ಬ್ಯಾಟರಿ ಸಿಡಿದು ಅದೇ ಕೋಣೆಯಲ್ಲಿ ಮಲಗಿದ್ದ ವೃದ್ಧರು ಸತ್ತರು. ಅದೇ ತಿಂಗಳು ವಿಜಯವಾಡದಲ್ಲಿ ಮಲಗುವ ಕೋಣೆಯಲ್ಲಿ ಇಟ್ಟ ಬ್ಯಾಟರಿ ಸಿಡಿದು ಮನೆಯ ಯಜಮಾನ ಸತ್ತರು. ಆ ಗಾಡಿ ಹೊಸದು. ಹೊಸದು ಅಂದರೆ ಭಯ ಇಲ್ಲ ಅನ್ನುವ ಹಾಗಿಲ್ಲ.

ಬೇರೆ ಬೇರೆ ಊರು. ಆದರೆ ಒಂದು ಮಾತು ನೋಡಿ. ಎಚ್ಚರ ಇದ್ದವರು ಉಳಿದರು. ನಿದ್ದೆಯ ಹೊತ್ತಲ್ಲಿ ಸಿಕ್ಕಿದವರು ಹೋದರು.

ಮತ್ತೊಂದು ಮಾತು. ಕೊಲ್ಲುವುದು ಉರಿ ಮಾತ್ರ ಅಲ್ಲ, ಹೊಗೆ. 2022ರ ಸೆಪ್ಟೆಂಬರ್ 12ರ ರಾತ್ರಿ ಸಿಕಂದರಾಬಾದಿನಲ್ಲಿ ಒಂದು ಕಟ್ಟಡಕ್ಕೆ ಬೆಂಕಿ ಬಿತ್ತು. ಕೆಳಗೆ ಎಲೆಕ್ಟ್ರಿಕ್ ಸ್ಕೂಟರ್ ಮಾರುವ ಅಂಗಡಿ, ಮೇಲೆ ಲಾಡ್ಜು. ಮೆಟ್ಟಿಲಲ್ಲಿ ಹೊಗೆ ಏರಿತು. 8 ಜನ ಸತ್ತರು. ನಮ್ಮ ಹೂಡಿಯ ಕಟ್ಟಡಗಳನ್ನು ನೆನಪಿಸಿಕೊಳ್ಳಿ. ಕೆಳಗೆ ಗಾಡಿ ಸಾಲು, ಮೇಲೆ ಮೂರು ನಾಲ್ಕು ಮಹಡಿ ಸಂಸಾರ, ಇಳಿಯೋಕೆ ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗೇ ಚಾರ್ಜಿಂಗ್! ಅಂಥ ಕಟ್ಟಡ ನಾವು ದಿನಾ ನೋಡುತ್ತೇವೆ.

ಆದ್ದರಿಂದ ಎಲ್ಲಕ್ಕಿಂತ ಮೊದಲ ಮಾತು ಇದು. ಹೊರಗೆ ಹೋಗುವ ದಾರಿಯಲ್ಲಿ ಬ್ಯಾಟರಿ ಚಾರ್ಜು ಮಾಡಬೇಡಿ. ಬಾಗಿಲ ಬಳಿ ಬೇಡ. ಮೆಟ್ಟಿಲ ಕೆಳಗೆ ಬೇಡ. ಮಲಗುವ ಹೊತ್ತಿಗೆ ಚಾರ್ಜಿಗೆ ಹಾಕುವುದೂ ಬೇಡ.

ಇದನ್ನು ಹೇಳಿದ ಕೂಡಲೇ ಯಾದಗಿರಿ ಕಡೆಯಿಂದ ಬಂದ ಒಬ್ಬ ಅಕ್ಕ ಕೇಳಿಯೇಬಿಟ್ಟರು: "ಟೀಚರಮ್ಮಾರ, ಮಾತು ಖರೇ ಅದ ರೀ. ಆದ್ರ ಗಾಡಿ ಹೊರಗ ಬಿಟ್ರ ಕಳ್ಳರು ಒಯ್ತಾರ. ಆಮ್ಯಾಲ ಕಂತು ಯಾರ್ ಕಟ್ಟಬೇಕ್ರಿ?"

ಅವರು ಕೇಳಿದ್ದು ಸರಿ. ಒಂದು ಕೋಣೆಯ ಮನೆಯವರಿಗೆ "ಬೇರೆ ಕೋಣೆಯಲ್ಲಿ ಇಡಿ" ಎಂದು ಹೇಳಿ ಹೋಗುವುದು ಸುಲಭ. ನಾವು ಹಾಗೆ ಹೇಳುವುದಿಲ್ಲ. ಆಗುವುದನ್ನು ಹೇಳುತ್ತೇವೆ.

ಗಾಡಿ ಒಳಗೆ ನಿಲ್ಲಲೇಬೇಕು ಅಂದರೆ ನಿಲ್ಲಲಿ, ಆದರೆ ಚಾರ್ಜು ಆಗುತ್ತಾ ನಿಲ್ಲುವುದು ಬೇಡ. ಮಗ ಮಧ್ಯಾಹ್ನ ಊಟಕ್ಕೆ ಬಂದಾಗ ಹಾಕಲಿ. ರಾತ್ರಿ ಬಂದ ಕೂಡಲೇ ಹಾಕುವುದೂ ಒಳ್ಳೆಯದಲ್ಲ. ಓಡಿ ಬಂದ ಗಾಡಿಯ ಬ್ಯಾಟರಿ ಕಾದಿರುತ್ತದೆ. ಅರ್ಧ ಮುಕ್ಕಾಲು ಗಂಟೆ ಆರಲಿ. ಬೆಳಗಿನ ಜಾವ ನೀರಿಗೆ ಏಳುತ್ತೀರಲ್ಲ, ಆಗ ಹಾಕಿ. ಆಮೇಲೆ ನೀವು ಮಲಗುವುದಿಲ್ಲ, ಅಡುಗೆ ಕೆಲಸ ಇರುತ್ತದೆ. ಕಣ್ಣು ಅದರ ಮೇಲಿರುತ್ತದೆ. ನೂರಕ್ಕೆ ನೂರು ತುಂಬಿಸಲೇಬೇಕು ಅಂತಿಲ್ಲ. ಎಂಬತ್ತಕ್ಕೆ ತೆಗೆದರೆ ಬ್ಯಾಟರಿಯ ಆಯುಷ್ಯವೂ ಹೆಚ್ಚು. ಒಳಗೆ ಹಾಸಿಗೆ, ಬಟ್ಟೆ, ಗ್ಯಾಸ್ ಸಿಲಿಂಡರ್ ಇರುವ ಕಡೆಯಿಂದ ದೂರ, ಬರೀ ಸಿಮೆಂಟ್ ನೆಲದ ಮೇಲೆ ಇಡಿ. ನೀವು ಕೂತ ಜಾಗ ಬಾಗಿಲಿಗೂ ಬ್ಯಾಟರಿಗೂ ನಡುವೆ ಇರಬೇಕು. ಇದನ್ನು ಮನೆಗೆ ಹೋಗಿ ನಿಂತು ನೋಡಿ. ಬ್ಯಾಟರಿ ಹತ್ತಿಕೊಂಡರೆ ಮಗು ಯಾವ ಕಡೆ ಓಡಬೇಕು? ದಾರಿ ಇದೆಯಾ?

ಒಂದು ವಠಾರದ ಹೆಂಗಸರು ಇನ್ನೂ ಮುಂದೆ ಹೋದರು. ಏಳು ಮನೆಯವರು ಸೇರಿ ಓನರ್ ಹತ್ತಿರ ಹೋದರು. ಹೊರಗಿನ ಕಾಂಪೌಂಡ್ ಗೋಡೆಗೆ ಪ್ಲಗ್ ಪಾಯಿಂಟ್ ಕೇಳಿದರು. ಓನರ್ ಮೊದಲು ಆಗಲ್ಲ ಅಂದರು. ಕರೆಂಟ್ ಬಿಲ್ ಜಾಸ್ತಿ ಬರುತ್ತೆ ಅಂದರು. "ಬೇರೆ ಸಣ್ಣ ಮೀಟರ್ ಹಾಕಿಸಿ, ಬಿಲ್ ನಾವು ಹಂಚ್ಕೊಳ್ತೀವಿ. ಕಟ್ಟಡ ನಿಮ್ಮದು, ಸುಟ್ಟರೆ ನಿಮಗೂ ನಷ್ಟ" ಅಂದರು ಹೆಂಗಸರು. ಎರಡು ಸಲ ಹೋದ ಮೇಲೆ ಒಪ್ಪಿದರು. ಮಳೆ ಬೀಳದ ಹಾಗೆ ಮೇಲೆ ಒಂದು ಶೀಟು, ಗಾಡಿಗಳಿಗೆ ಒಂದು ಸರಪಳಿ, ಬೀಗ. ಪ್ಲಗ್ಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಹಾಕಿಸಿದರು. ದಪ್ಪ ಮೂರು ಪಿನ್ನಿನ ಪವರ್ ಪ್ಲಗ್, ಅರ್ತಿಂಗ್ ಸಮೇತ. ಸಣ್ಣ ಎಕ್ಸ್‌ಟೆನ್ಶನ್ ಬಾಕ್ಸಿನಲ್ಲಿ ಸ್ಕೂಟರ್ ಚಾರ್ಜು ಮಾಡಿದರೆ ವೈರೇ ಕಾದು ಹೊತ್ತಿಕೊಳ್ಳುತ್ತದೆ. ಬ್ಯಾಟರಿಯವರೆಗೆ ಹೋಗುವುದೇ ಬೇಡ.

ಈಗ ಅಕ್ಕನ ಮನೆಯ ಕತೆಗೆ ಬರೋಣ. ಅಲ್ಲಿ ಆದದ್ದೇನು?

ಮರುದಿನ ಸಂಜೆ ಅವರು ಚಾರ್ಜರನ್ನು ಕೈಚೀಲದಲ್ಲಿ ಹಾಕಿಕೊಂಡು ಇಲ್ಲಿಗೆ ಬಂದರು. ಮೇಜಿನ ಮೇಲೆ ಇಟ್ಟು "ಇದರಲ್ಲಿ ಏನು ಬರೆದಿದೆ ಓದಿ ಟೀಚರಮ್ಮ" ಅಂದರು. ಅಕ್ಷರ ಎಲ್ಲ ಇಂಗ್ಲಿಷ್. ಅವರಿಗೆ ಬರುವುದು ಕನ್ನಡ. ಆದರೆ ಬಸ್ಸಿನ ನಂಬರ್ ಓದಲು ಅಂಕಿ ಕಲಿತಿದ್ದರು. ನಾವು ಹೇಳಿದೆವು: "ಅಕ್ಷರ ಬಿಡಿ. ಅಂಕಿ ಓದಿ." ಬೆರಳಿಟ್ಟು ಓದಿದರು. ಆರು, ಏಳು, ಚುಕ್ಕಿ, ಎರಡು. 67.2.

"ಈಗ ಮನೆಗೆ ಹೋಗಿ. ಬ್ಯಾಟರಿಯ ಮೇಲೆ ಚೀಟಿ ಇದೆ. ಅದರಲ್ಲಿ ಚಾರ್ಜಿನ ಅಂಕಿ ಯಾವುದು ಅಂತ ಬರೆದುಕೊಂಡು ಬನ್ನಿ" ಅಂದೆವು. ಮರುದಿನ ಸ್ಲೇಟಿನ ಮೇಲೆ ಬರೆದು ತಂದರು. 54.6.

ಅಂಕಿ ಬೇರೆ! ಮಗನನ್ನು ಕೇಳಿದರು. ಮಗನೂ ಅವನ ಗೆಳೆಯನೂ ಚಾರ್ಜರ್ ಅದಲು ಬದಲು ಮಾಡಿಕೊಂಡಿದ್ದರು. ಗೆಳೆಯನ ಗಾಡಿ 60 ವೋಲ್ಟಿನದು. ಇವನದು 48 ವೋಲ್ಟಿನದು. ಪಿನ್ ಎರಡಕ್ಕೂ ಒಂದೇ ಥರ. ಸೇರಿಕೊಂಡಿತು. ಸೇರಿತಲ್ಲ, ಸರಿ ಇದೆ ಅಂದುಕೊಂಡ ಹುಡುಗ. ಒಂದು ಸೇರಿನ ಪಾತ್ರೆಗೆ ಒಂದೂಕಾಲು ಸೇರು ಹಾಲು ಹೊಯ್ದ ಹಾಗಾಯಿತು. ಹಾಲಾದರೆ ಚೆಲ್ಲುತ್ತದೆ. ಬ್ಯಾಟರಿ ಕಾಯುತ್ತದೆ. ಜಾಸ್ತಿ ಆದರೆ ತಡೆಯಲು ಬ್ಯಾಟರಿಯೊಳಗೇ ಒಂದು ಕಾವಲಿನ ಯಂತ್ರ ಇರುತ್ತದೆ. ಅಗ್ಗದ ಬ್ಯಾಟರಿಯಲ್ಲಿ, ಹಳೆಯ ಬ್ಯಾಟರಿಯಲ್ಲಿ ಅದನ್ನು ನಂಬಿ ಕೂರುವ ಹಾಗಿಲ್ಲ.

ಕೆಲವು ಹಳೆಯ ಗಾಡಿಗಳಲ್ಲಿ ಲಿಥಿಯಂ ಬದಲು ಸೀಸದ ಬ್ಯಾಟರಿ ಇರುತ್ತದೆ, ಮನೆಯ ಇನ್ವರ್ಟರಿನ ಬ್ಯಾಟರಿಯ ಥರ. ಅದರ ಚಾರ್ಜರನ್ನು ಇದಕ್ಕೆ ಹಾಕಬಾರದು. ಸೆಕೆಂಡ್ ಹ್ಯಾಂಡ್ ಗಾಡಿ ತರುವಾಗಲೂ ಕೇಳಿ, ಯಾವ ವರ್ಷದ್ದು ಅಂತ. 2022ರ ಬೆಂಕಿ ಪ್ರಕರಣಗಳ ಮೇಲೆ ಕೇಂದ್ರ ಸರ್ಕಾರ ಬ್ಯಾಟರಿಯ ನಿಯಮ ಬಿಗಿ ಮಾಡಿತು. ಅದು 2022ರ ಡಿಸೆಂಬರ್ 1ರಿಂದ ಒಂದು ಹಂತ, 2023ರ ಮಾರ್ಚ್ 31ರಿಂದ ಎರಡನೇ ಹಂತದಲ್ಲಿ ಜಾರಿಗೆ ಬಂತು. ಅದಕ್ಕಿಂತ ಹಳೆಯ ಗಾಡಿ ಆದರೆ ಎಚ್ಚರ ಇನ್ನೂ ಹೆಚ್ಚು ಬೇಕು.

ಇನ್ನು ಮೊಬೈಲು. ಗಾಡಿ ಇಲ್ಲದ ಮನೆ ಉಂಟು, ಮೊಬೈಲ್ ಇಲ್ಲದ ಮನೆ ಇಲ್ಲ. ಚಾರ್ಜಿಗೆ ಹಾಕಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುವವರು ಕೈ ಎತ್ತಿ ಅಂದರೆ ಅರ್ಧ ಜನ ಎತ್ತುತ್ತೀರಿ. ಮೊಬೈಲ್ ಕಾದರೆ ಕಾವು ಹೊರಗೆ ಹೋಗಬೇಕು. ದಿಂಬು, ಕಂಬಳಿ ಅದನ್ನು ಬಿಡುವುದಿಲ್ಲ. ಒಲೆ ಪಕ್ಕದ ಕಟ್ಟೆಯೂ ಜಾಗ ಅಲ್ಲ.

ನಮ್ಮದೇ ಒಂದು ತಪ್ಪು ಹೇಳುತ್ತೇವೆ. ನಮ್ಮ ಮನೆಯ ಬೀರುವಿನಲ್ಲಿ ಒಂದು ಹಳೆಯ ಮೊಬೈಲ್ ಇತ್ತು. ಎರಡು ವರ್ಷ ಸೀರೆಗಳ ನಡುವೆ ಇತ್ತು. ಒಂದು ದಿನ ತೆಗೆದು ನೋಡಿದರೆ ಹಿಂದಿನ ಮುಚ್ಚಳ ಎದ್ದಿದೆ. ಬ್ಯಾಟರಿ ಪೂರಿಯ ಹಾಗೆ ಊದಿತ್ತು. ಒತ್ತಿ ಕೂರಿಸೋಣ ಅಂತ ಕೈ ಹೋಯಿತು! ಊದಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜು ಮಾಡಬಾರದು. ಒಳಗೆ ಹೊತ್ತಿಕೊಳ್ಳುವ ಗಾಳಿ ತುಂಬಿರುತ್ತದೆ. ಪಾಠ ಹೇಳುವ ನಮಗೇ ಅದು ಗೊತ್ತಿರಲಿಲ್ಲ. ಆಮೇಲೆ ಅದನ್ನು ಮರಳು ಹಾಕಿದ ಹಳೆಯ ಸ್ಟೀಲ್ ಪಾತ್ರೆಯಲ್ಲಿ ಇಟ್ಟು, ಬಿಗಿಯಾಗಿ ಮುಚ್ಚದೆ, ಹೊರಗೆ ನೆರಳಲ್ಲಿ ಇಟ್ಟೆವು. ಮಾರನೇ ದಿನ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಟ್ಟೆವು.

ಕಸದ ಆಟೋಗೆ ಹಾಕಲಿಲ್ಲ. ಯಾಕೆ ಗೊತ್ತಾ? ಕಸದ ಲಾರಿಯಲ್ಲಿ ಕಸ ಒತ್ತುತ್ತಾರೆ. ಬ್ಯಾಟರಿ ಜಜ್ಜಿದರೆ ಪೇಪರು, ಪ್ಲಾಸ್ಟಿಕ್ಕಿನ ನಡುವೆ ಬೆಂಕಿ. ಆ ಕಸ ವಿಂಗಡಿಸುವ ಕೈ ಯಾರದು? ನಮ್ಮಂಥ ಹೆಂಗಸರದೇ. ನಿಮ್ಮಲ್ಲೂ ಇಬ್ಬರು ಆ ಕೆಲಸ ಮಾಡುತ್ತೀರಿ. 2022ರಲ್ಲಿ ಬಂದ ಬ್ಯಾಟರಿ ತ್ಯಾಜ್ಯದ ನಿಯಮದಂತೆ ಹಳೆಯ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಿಸುವ ಕಂಪನಿಯದು. ಚೀಟಿಯ ಮೇಲೆ ಕಸದ ಡಬ್ಬಿಗೆ ಅಡ್ಡಗೆರೆ ಎಳೆದ ಚಿತ್ರ ಇರುತ್ತದೆ. ಕಸಕ್ಕೆ ಹಾಕಬೇಡಿ ಎಂದು ಅದರ ಅರ್ಥ. ಅದನ್ನು ಓದಲು ಅಕ್ಷರವೂ ಬೇಡ.

ಬೆಂಕಿಯ ಮಾತಲ್ಲ, ಆದರೂ ಹೇಳಿಬಿಡುತ್ತೇವೆ. 2023ರ ಆಗಸ್ಟಿನಲ್ಲಿ ಕಾರವಾರ ತಾಲ್ಲೂಕಿನಲ್ಲಿ ಎಂಟು ತಿಂಗಳ ಕೂಸು ಚಾರ್ಜರಿನ ವೈರಿನ ತುದಿ ಬಾಯಿಗೆ ಇಟ್ಟುಕೊಂಡಿತು. ಸ್ವಿಚ್ ಆನ್ ಇತ್ತು. ಕೂಸು ಉಳಿಯಲಿಲ್ಲ. ಮೊಬೈಲ್ ತೆಗೆದ ಕೂಡಲೇ ಸ್ವಿಚ್ ಆರಿಸಿ, ವೈರು ಸುತ್ತಿ ಮೇಲೆ ಇಡಿ.

ಕೊನೆಗೆ, ಬೆಂಕಿ ಹತ್ತಿಯೇಬಿಟ್ಟರೆ? ಅದಕ್ಕೆ ಮೊದಲು ಬ್ಯಾಟರಿ ಸುಳಿವು ಕೊಡಬಹುದು. ಊದಬಹುದು. ಕೈ ಇಡಲಾಗದಷ್ಟು ಕಾಯಬಹುದು. ಬಣ್ಣದ ಎಣ್ಣೆಯಂಥ ವಾಸನೆ ಬರಬಹುದು. ಬುಸ್ ಎಂದು ಸದ್ದು ಮಾಡಬಹುದು. ಬಿಳಿ ಹೊಗೆ ಬಂದರೆ ಆ ಮೇಲೆ ಸಮಯ ಇಲ್ಲ. ಒಂದೆರಡು ಕ್ಷಣದಲ್ಲೇ ಉರಿ ಬರಬಹುದು.

ಆಗ ಜನ ಹೊರಗೆ. ಮೊದಲು ಮಕ್ಕಳು, ಮುದುಕರು. ಹೊಗೆ ಇದ್ದರೆ ಬಗ್ಗಿ, ನೆಲದ ಹತ್ತಿರ ಹೋಗಿ. ಮೇನ್ ಸ್ವಿಚ್ ದಾರಿಯಲ್ಲೇ ಇದ್ದರೆ ಆರಿಸಿ, ಇಲ್ಲದಿದ್ದರೆ ಬಿಡಿ. ಹೊರಗೆ ಬಂದು 112 ಅಥವಾ 101ಕ್ಕೆ ಫೋನ್ ಮಾಡಿ. "ಬ್ಯಾಟರಿ ಬೆಂಕಿ" ಎಂದು ಹೇಳಿ. ಪಕ್ಕದ ಮನೆಯವರನ್ನು ಕೂಗಿ ಎಬ್ಬಿಸಿ. ಒದ್ದೆ ಸೀರೆ ಹಿಡಿದು ಹತ್ತಿರ ಹೋಗಬೇಡಿ. ಸೆಲ್ಲು ಸಿಡಿದು ಮುಖಕ್ಕೆ ಹಾರುತ್ತದೆ. ಸ್ಕೂಟರ್ ಬೆಂಕಿಗೆ ಒಂದೆರಡು ಬಿಂದಿಗೆ ನೀರು ಸಾಲದು, ತುಂಬಾ ನೀರು ಬೇಕು. ಅದು ಫೈರ್ ಬ್ರಿಗೇಡಿನವರ ಕೆಲಸ. ಆರಿದಂತೆ ಕಂಡ ಬ್ಯಾಟರಿ ಗಂಟೆಗಳ ನಂತರ ಮತ್ತೆ ಹತ್ತಬಹುದು. ಒಳಗೆ ತರಬೇಡಿ. ಸಣ್ಣ ಮೊಬೈಲ್ ಆದರೆ, ಪ್ಲಗ್ಗಿನ ಸ್ವಿಚ್ ಆರಿಸಿದ ಮೇಲೆ ದೂರದಿಂದ ನೀರು ಹೊಯ್ಯಬಹುದು.

ಸುಟ್ಟರೆ ನಲ್ಲಿಯ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿರಿ. ಪೇಸ್ಟು, ತುಪ್ಪ, ಅರಿಶಿನ ಹಚ್ಚಬೇಡಿ. 108ಕ್ಕೆ ಕರೆ ಮಾಡಿ. ಹೊಗೆ ಕುಡಿದವರು ಚೆನ್ನಾಗಿಯೇ ಕಂಡರೂ ಡಾಕ್ಟರಿಗೆ ತೋರಿಸಿ.

ಮನೆಯೊಳಗೆ ಹಣ ಇದೆ, ಆಧಾರ್ ಕಾರ್ಡ್ ಇದೆ, ರೇಷನ್ ಕಾರ್ಡ್ ಇದೆ ಅಂತ ವಾಪಸ್ ಹೋಗಬೇಡಿ. ಕಾರ್ಡು ಮತ್ತೆ ಮಾಡಿಸಬಹುದು. ಅರ್ಜಿ ಬರೆಯಲು ಈಗ ನಿಮಗೇ ಬರುತ್ತದೆ.

ನಮ್ಮ ಅಕ್ಕನ ಮಗ ಗೆಳೆಯನಿಂದ ತನ್ನ ಚಾರ್ಜರ್ ವಾಪಸ್ ತಂದ. ಅಕ್ಕ ಅದರ ಮೇಲೂ ಬ್ಯಾಟರಿಯ ಮೇಲೂ ಕೆಂಪು ಉಗುರು ಬಣ್ಣದಲ್ಲಿ 54.6 ಎಂದು ದೊಡ್ಡದಾಗಿ ಬರೆದರು. ಬಿಸಿಯಾದ ಆ ಬ್ಯಾಟರಿಯನ್ನು ಮಾರಿದವರ ಹತ್ತಿರ ಪರೀಕ್ಷೆ ಮಾಡಿಸದೆ ಮತ್ತೆ ಚಾರ್ಜು ಮಾಡಲು ಬಿಡಲಿಲ್ಲ. ಮೂರು ದಿನ ಮಗನ ದುಡಿಮೆ ಹೋಯಿತು. ಮಗ ಗೊಣಗಿದನಂತೆ. ಗೊಣಗಲಿ ಬಿಡಿ.

ಸೋಮವಾರ ಬರುವಾಗ ಎಲ್ಲರೂ ನಿಮ್ಮ ಮನೆಯ ಚಾರ್ಜರ್ ತನ್ನಿ. ಮೊಬೈಲಿನದು, ಲೈಟಿನದು, ಗಾಡಿಯದು, ಯಾವುದಾದರೂ ಸರಿ. ಬ್ಯಾಟರಿ ತರಬೇಡಿ, ಅದರ ಮೇಲಿನ ಅಂಕಿ ಸ್ಲೇಟಿನಲ್ಲಿ ಬರೆದುಕೊಂಡು ಬನ್ನಿ. ಅಂಕಿಗೆ ಅಂಕಿ ಇಟ್ಟು ಓದೋಣ.